ಸ್ಟ್ಯಾನ್‌ಫರ್ಡ್‌ನ ಉಚಿತ ಇತಿಹಾಸ ಪಾಠಗಳು, ನಮ್ಮ ಸರ್ಕಾರಿ ಶಾಲೆಯ ಒಂಬತ್ತನೇ ಕ್ಲಾಸಿನಲ್ಲಿ

ಮೊದಲು ಬೆಲೆ ಹೇಳಿಬಿಡುತ್ತೇನೆ. ದುಡ್ಡಿಲ್ಲ. ಇಮೇಲ್ ಕೊಟ್ಟು ಒಂದು ಖಾತೆ ತೆರೆದರೆ ಸಾಕು, ನೂರಕ್ಕೂ ಜಾಸ್ತಿ ಇತಿಹಾಸ ಪಾಠಗಳು ಡೌನ್‌ಲೋಡ್‌ಗೆ ಸಿಗುತ್ತವೆ. ಹೆಸರು 'ರೀಡಿಂಗ್ ಲೈಕ್ ಎ ಹಿಸ್ಟೋರಿಯನ್'. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಸ್ಯಾಮ್ ವೈನ್‌ಬರ್ಗ್ ಮತ್ತು ಅವರ ತಂಡ ಮಾಡಿದ್ದು. ಆ ತಂಡ 2002ರಲ್ಲಿ ವಿಶ್ವವಿದ್ಯಾಲಯದೊಳಗೇ ಶುರುವಾಯಿತು. ಈಗ ಹೊರಗೆ ಬಂದು ಡಿಜಿಟಲ್ ಇನ್‌ಕ್ವೈರಿ ಗ್ರೂಪ್ ಅನ್ನೋ ಹೆಸರಲ್ಲಿ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನಡೆಯುತ್ತಿದೆ. ಪಾಠಗಳು ಅವೇ.

ನಾನು ಗೌರಿಬಿದನೂರು ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕ್ಲಾಸಿನಲ್ಲಿ ಐವತ್ತರ ಮೇಲೆ ಮಕ್ಕಳು. ಅರ್ಧದಷ್ಟು ಮಕ್ಕಳ ಮನೆಮಾತು ತೆಲುಗು. ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್ ಮನಸ್ಸು ಬಂದರೆ ಓಡುತ್ತದೆ. ಇಂಥ ಕಡೆ ಕ್ಯಾಲಿಫೋರ್ನಿಯಾದಲ್ಲಿ ತಯಾರಾದ ಪಾಠ ನಡೆಯುತ್ತಾ ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಡೆಯುತ್ತದೆ. ಆದರೆ ಅರ್ಧ ಕೆಲಸ ನಿಮ್ಮ ತಲೆ ಮೇಲೇ ಬೀಳುತ್ತದೆ, ಅದೂ ಕಷ್ಟದ ಅರ್ಧ.

ಒಂದು ಪಾಠದ ಕಟ್ಟಿನಲ್ಲಿ ಏನಿರುತ್ತದೆ? ಒಂದು ದೊಡ್ಡ ಪ್ರಶ್ನೆ. ಅದಕ್ಕೆ ಒಂದಕ್ಕೊಂದು ತಾಳೆಯಾಗದ ಎರಡೋ ಮೂರೋ ನಾಲ್ಕೋ ಹಳೆಯ ದಾಖಲೆ: ಪತ್ರ, ಭಾಷಣ, ಪತ್ರಿಕೆಯ ತುಣುಕು, ಚಿತ್ರ. ದಾಖಲೆಯ ಭಾಷೆಯನ್ನು ಮಕ್ಕಳಿಗೆ ಓದಲಾಗುವಷ್ಟು ಸರಳ ಮಾಡಿರುತ್ತಾರೆ. ಮೂಲ ಹೇಗಿತ್ತು ಅಂತ ನೋಡಬೇಕಾದರೆ ಅದೂ ಜೊತೆಗೇ ಸಿಗುತ್ತದೆ. ಮೇಷ್ಟ್ರು ಏನು ಮಾಡಬೇಕು ಅನ್ನುವುದಕ್ಕೆ ಪಾಠಯೋಜನೆ, ಮಕ್ಕಳು ತುಂಬಲು ಒಂದು ಹಾಳೆ. ಗೋಡೆಗೆ ಅಂಟಿಸುವ ಪೋಸ್ಟರ್ ಕೂಡ ಇದೆ. ಅದರಲ್ಲಿ ನಾಲ್ಕು ಕೆಲಸ: ಇದನ್ನು ಯಾರು, ಯಾವಾಗ, ಯಾಕೆ ಬರೆದರು ಅಂತ ನೋಡು. ಆಗ ಸುತ್ತ ಏನು ನಡೆಯುತ್ತಿತ್ತು ಯೋಚಿಸು. ಬೇರೆಯವರು ಏನಂದರು ಹೋಲಿಸು. ಪದಗಳನ್ನು ಹುಷಾರಾಗಿ ಓದು. ಇಷ್ಟೇ. ನಾನು ಇದನ್ನು ಕನ್ನಡದಲ್ಲಿ ಡ್ರಾಯಿಂಗ್ ಶೀಟ್ ಮೇಲೆ ಬರೆಸಿ ಕಪ್ಪು ಹಲಗೆಯ ಪಕ್ಕ ಹಾಕಿಸಿದ್ದೇನೆ.

ಶುರು ಮಾಡುವವರು 'ಲಂಚ್‌ರೂಮ್ ಫೈಟ್' ಅನ್ನೋ ಪೀಠಿಕೆಯ ಪಾಠದಿಂದ ಶುರು ಮಾಡಿ. ಶಾಲೆಯ ಊಟದ ಹಾಲ್‌ನಲ್ಲಿ ಇಬ್ಬರು ಹುಡುಗರು ಹೊಡೆದಾಡಿಕೊಂಡಿದ್ದಾರೆ, ಹೆಡ್‌ಮಾಸ್ಟರು ಎಲ್ಲರನ್ನೂ ಕರೆದು ವಿಚಾರಿಸುತ್ತಾರೆ, ಒಬ್ಬೊಬ್ಬರದೂ ಒಂದೊಂದು ಕಥೆ. ನಾನು ಅದನ್ನು ನಮ್ಮ ಬಿಸಿಯೂಟದ ಸಾಲಿಗೆ ತಂದೆ. ಜಗಳ ಮೊಟ್ಟೆಗೆ. ಸಾಕ್ಷಿಗಳು: ಹೊಡೆದವನ ಸ್ನೇಹಿತ, ಹೊಡೆಸಿಕೊಂಡವನ ತಂಗಿ, ಅಡುಗೆಯ ಅಕ್ಕ, ದೂರದಲ್ಲಿ ಕೈ ತೊಳೆಯುತ್ತಿದ್ದ ಆರನೇ ಕ್ಲಾಸಿನ ಹುಡುಗ. ಐದು ನಿಮಿಷದಲ್ಲಿ ಕ್ಲಾಸು ಸಂತೆಯಾಯಿತು. 'ಅಡುಗೆ ಅಕ್ಕ ಯಾರ ಕಡೆಗೂ ಇಲ್ಲ, ಅವರ ಮಾತು ನಂಬಬಹುದು ಮಿಸ್' ಅಂದಳು ಒಬ್ಬಳು. ಹಿಂದಿನ ಬೆಂಚಿನಿಂದ ಇನ್ನೊಬ್ಬ, 'ಮೊಟ್ಟೆ ಕಡಿಮೆ ಬಿದ್ದಿದ್ದು ಅವರ ಲೆಕ್ಕದಲ್ಲಿ ಅಲ್ವಾ? ಅವರಿಗೂ ತಪ್ಪಿಸಿಕೊಳ್ಳಬೇಕು' ಅಂದ. ಬಿ.ಎಡ್‌ನಲ್ಲಿ 'ಆಧಾರಗಳ ವಿಮರ್ಶೆ' ಅಂತ ನಾವು ಉರು ಹೊಡೆದಿದ್ದೆವಲ್ಲ, ಅದನ್ನು ಆ ಹುಡುಗ ಪುಸ್ತಕ ಮುಟ್ಟದೇ ಮಾಡಿಬಿಟ್ಟ.

ವೈನ್‌ಬರ್ಗ್ ಅವರ ಕೆಲಸದ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಈ ಪಾಠಗಳು ಯಾಕೆ ಹೀಗಿವೆ ಅಂತ ತಿಳಿಯುತ್ತದೆ. ಅವರು ಶಿಕ್ಷಣಶಾಸ್ತ್ರದ ಪ್ರೊಫೆಸರಾಗಿದ್ದವರು. ಮೂಲತಃ ಮನಃಶಾಸ್ತ್ರದ ದಾರಿಯಲ್ಲಿ ಬಂದವರು. ಸ್ಟ್ಯಾನ್‌ಫರ್ಡ್‌ನಲ್ಲಿ ಲೀ ಶುಲ್ಮನ್ ಕೈಕೆಳಗೆ ಪಿಎಚ್‌ಡಿ. ಪಾಠ ಮಾಡುವವರಿಗೆ ವಿಷಯ ಗೊತ್ತಿದ್ದರೆ ಸಾಲದು, ಆ ವಿಷಯವನ್ನು ಕಲಿಸುವ ಜ್ಞಾನವೇ ಬೇರೆ ಅಂತ ಹೇಳಿದ್ದು ಇದೇ ಶುಲ್ಮನ್. ನಮ್ಮ ಬಿ.ಎಡ್ ಪುಸ್ತಕಗಳಲ್ಲೂ ಅವರ ಹೆಸರು ಬರುತ್ತದೆ. ವೈನ್‌ಬರ್ಗ್ ಆಮೇಲೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹತ್ತಕ್ಕೂ ಜಾಸ್ತಿ ವರ್ಷ ಕೆಲಸ ಮಾಡಿ, ಸ್ಟ್ಯಾನ್‌ಫರ್ಡ್‌ಗೆ ವಾಪಸ್ ಬಂದರು.

1991ರಲ್ಲಿ ಅಚ್ಚಾದ ಅವರ ಒಂದು ಅಧ್ಯಯನ ಬಹಳ ಹೆಸರು ಮಾಡಿತು. ಎಂಟು ಜನ ಇತಿಹಾಸಕಾರರು, ಎಂಟು ಜನ ಚೆನ್ನಾಗಿ ಓದುವ ಹೈಸ್ಕೂಲ್ ಮಕ್ಕಳು. ಅಮೆರಿಕದ ಕ್ರಾಂತಿಯ ಯುದ್ಧ ಶುರುವಾದ 1775ರ ಲೆಕ್ಸಿಂಗ್ಟನ್ ಕದನದ ಬಗ್ಗೆ ದಾಖಲೆಗಳನ್ನು ಕೊಟ್ಟು, ಓದುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಅಂದರು. ಮಜಾ ಏನೆಂದರೆ, ಅಮೆರಿಕದ ಕ್ರಾಂತಿಯ ವಿವರಗಳು ಕೆಲವು ಇತಿಹಾಸಕಾರರಿಗಿಂತ ಮಕ್ಕಳಿಗೇ ಚೆನ್ನಾಗಿ ಗೊತ್ತಿದ್ದವು. ಆ ಇತಿಹಾಸಕಾರರ ಕ್ಷೇತ್ರ ಬೇರೆ, ಹಾಗಾಗಿ. ಆದರೂ ದಾಖಲೆ ಕೈಗೆ ಬಂದ ಕೂಡಲೇ ಅವರು ಮೊದಲು ಹುಡುಕಿದ್ದು ಬರೆದವರು ಯಾರು ಅಂತ. ಮಕ್ಕಳು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನೆಟ್ಟಗೆ ಓದಿದರು. ಪಠ್ಯಪುಸ್ತಕದ ಮಾತೇ ಜಾಸ್ತಿ ನಂಬಬಹುದು ಅಂತ ಅವರಿಗೆ ಅನಿಸಿತು. ನನ್ನ ಮಕ್ಕಳನ್ನು ಬಿಡಿ, ನಾನೇ ಹಾಗೆ ಓದಿ ಪಾಸಾದವಳು. ನೀವೂ ಅಷ್ಟೇ ಅಲ್ವಾ?

ಅಮೆರಿಕದ ಮಾಂಟ್ಗೊಮರಿ ನಗರದ ಬಸ್ ಬಹಿಷ್ಕಾರದ ಪಾಠ ನನಗೆ ತುಂಬ ಹಿಡಿಸಿತು. ರೋಸಾ ಪಾರ್ಕ್ಸ್ ಕಥೆ ನಮಗೆಲ್ಲ ನೀತಿಕಥೆಯ ಥರ ಗೊತ್ತು. ಸುಸ್ತಾದ ಒಬ್ಬ ಕರಿಯ ಹೆಂಗಸು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟು ಏಳಲಿಲ್ಲ, ದೇಶ ಎದ್ದು ಕೂತಿತು. ಆಕೆಯನ್ನು ಬಂಧಿಸಿದ್ದು 1955ರ ಡಿಸೆಂಬರ್ 1ಕ್ಕೆ. ಆದರೆ ಕಟ್ಟಿನಲ್ಲಿರುವ ಒಂದು ಪತ್ರದ ತಾರೀಖು 1954ರ ಮೇ 21. ಬರೆದವರು ಜೋ ಆನ್ ರಾಬಿನ್ಸನ್, ಅಲ್ಲಿನ ಕರಿಯರ ಕಾಲೇಜಿನ ಅಧ್ಯಾಪಕಿ, ಮಹಿಳಾ ರಾಜಕೀಯ ಪರಿಷತ್ತಿನ ಅಧ್ಯಕ್ಷೆ. ಬಸ್ಸಿನಲ್ಲಿ ಓಡಾಡುವವರಲ್ಲಿ ಮುಕ್ಕಾಲು ಪಾಲು ನಾವೇ, ನಾವು ಹತ್ತದಿದ್ದರೆ ಬಸ್ ನಡೆಯಲ್ಲ, ಬಹಿಷ್ಕಾರದ ಮಾತು ಆಗಲೇ ನಡೆಯುತ್ತಿದೆ ಅಂತ ಮೇಯರ್‌ಗೆ ವಿನಯವಾಗಿಯೇ ಎಚ್ಚರಿಕೆ ಕೊಡುತ್ತಾರೆ. ಒಂದೂವರೆ ವರ್ಷ ಮುಂಚೆ! ಎರಡು ತಾರೀಖನ್ನೂ ಹಲಗೆ ಮೇಲೆ ಬರೆದು ಸುಮ್ನೆ ನಿಂತೆ. 'ಹಂಗಾದ್ರೆ ಮೊದಲೇ ಸಂಘ ಕಟ್ಟಿದ್ರು ಮಿಸ್' ಅಂದಳು ಮೂರನೇ ಸಾಲಿನ ಹುಡುಗಿ. ಅವಳ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿದ್ದಾರೆ. ಬಹಿಷ್ಕಾರ 381 ದಿನ ನಡೆಯಿತು ಅಂತ ನಾನು ಹೇಳುವ ಹೊತ್ತಿಗೆ, ಅಷ್ಟು ದಿನ ಕೆಲಸಕ್ಕೆ ಹೇಗೆ ಹೋದರು, ಯಾರ ಗಾಡಿ, ಪೆಟ್ರೋಲಿಗೆ ಯಾರು ದುಡ್ಡು ಕೊಟ್ಟರು ಅಂತೆಲ್ಲ ಪ್ರಶ್ನೆ ಶುರುವಾಗಿತ್ತು.

ಆದರೆ ನಿಜವಾದ ಪರೀಕ್ಷೆ ಆಗಿದ್ದು 'ಪೊಲಿಟಿಕಲ್ ಬಾಸಸ್' ಪಾಠದಲ್ಲಿ. ಇದು ಅಮೆರಿಕದ ಸುಧಾರಣೆಯ ಕಾಲದ್ದು. ದೊಡ್ಡ ನಗರಗಳನ್ನು ಪಕ್ಷದ ದಣಿಗಳು ಆಳುತ್ತಿದ್ದರು. ವೋಟು, ಗುತ್ತಿಗೆ, ನೌಕರಿ ಎಲ್ಲ ಅವರ ಕೈಲಿ. ಒಂದು ಕಡೆ ಲಿಂಕನ್ ಸ್ಟೆಫನ್ಸ್ ಅನ್ನೋ ಪತ್ರಕರ್ತರ ಬರಹ, 1904ರಲ್ಲಿ ಪುಸ್ತಕವಾಗಿ ಬಂದದ್ದು. ಊರೂರಿನ ಭ್ರಷ್ಟಾಚಾರವನ್ನು ಬಯಲಿಗೆಳೆದು, ತಪ್ಪು ಸುಮ್ಮನಿದ್ದ ಜನರದ್ದೂ ಹೌದು ಅಂತ ಚಾಟಿ ಬೀಸುತ್ತದೆ. ಇನ್ನೊಂದು ಕಡೆ ನ್ಯೂಯಾರ್ಕಿನಲ್ಲಿ ಡೆಮಾಕ್ರಟಿಕ್ ಪಕ್ಷವನ್ನು ಕೈಲಿಟ್ಟುಕೊಂಡಿದ್ದ ಟ್ಯಾಮನಿ ಹಾಲ್ ಸಂಘಟನೆಯ ಜಾರ್ಜ್ ವಾಷಿಂಗ್ಟನ್ ಪ್ಲಂಕಿಟ್. ಈತ ಕೋರ್ಟ್ ಕಟ್ಟಡದಲ್ಲಿ ಬೂಟ್ ಪಾಲಿಶ್ ಮಾಡುವ ಜಾಗದಲ್ಲಿ ಕೂತು ಮಾತಾಡಿದ್ದನ್ನು ವಿಲಿಯಂ ರಿಯೊರ್ಡನ್ ಅನ್ನೋ ವರದಿಗಾರ ಬರೆದುಕೊಂಡು 1905ರಲ್ಲಿ ಪುಸ್ತಕ ಮಾಡಿದ. ನನ್ನ ಏರಿಯಾದಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕ ಗಾಡಿ ಬರುವಷ್ಟರಲ್ಲಿ ನಾನೂ ನನ್ನ ಹುಡುಗರೂ ಅಲ್ಲಿರುತ್ತೇವೆ, ಮನೆ ಸುಟ್ಟುಹೋದವರು ಯಾವ ಪಕ್ಷ ಅಂತ ಕೇಳಲ್ಲ, ಮನೆ ಹುಡುಕಿಕೊಡುತ್ತೇವೆ, ಬಟ್ಟೆ ಕೊಡುತ್ತೇವೆ ಅನ್ನುತ್ತಾನೆ. ಬಡವರು ಅದನ್ನು ಮರೆಯಲ್ಲ ಅಂತಲೂ ಮುಚ್ಚುಮರೆ ಇಲ್ಲದೇ ಹೇಳುತ್ತಾನೆ.

ನಮ್ಮ ಮಕ್ಕಳು ಯಾರ ಕಡೆ ನಿಂತರು ಹೇಳಿ? ಪ್ಲಂಕಿಟ್ ಕಡೆ. ಬಹುತೇಕ ಇಡೀ ಕ್ಲಾಸು. 'ನಮ್ಮ ಮೆಂಬರೂ ಹಂಗೇ ಮಿಸ್. ನಮ್ಮಜ್ಜಿ ಆಸ್ಪತ್ರೆಗೆ ಸೇರಿದಾಗ ರಾತ್ರಿ ಗಾಡಿ ಕಳಿಸಿದ್ದು ಅವರೇ.' 'ಪೇಪರಿನವರು ಬರೀತಾರೆ ಅಷ್ಟೇ, ಬಂದು ನಿಲ್ತಾರಾ?' ನಾನು ಮನಸ್ಸಿನಲ್ಲಿ ಇಟ್ಟುಕೊಂಡು ಹೋದ ತೀರ್ಮಾನ ತಲೆಕೆಳಗಾಯಿತು. ಭ್ರಷ್ಟಾಚಾರ ಕೆಟ್ಟದ್ದು ಅಂತ ಹೇಳಿಸಿ ಬೆಲ್ ಹೊಡೆಸಿಕೊಳ್ಳೋಣ ಅಂದುಕೊಂಡಿದ್ದೆ. ಆಮೇಲೆ ನಾನೇ ಸೇರಿಸಿ ಹೇಳಿದೆ: ಇದೇ ಪ್ಲಂಕಿಟ್, ಎಲ್ಲಿ ಪಾರ್ಕ್ ಬರುತ್ತೆ ಅಂತ ಮುಂಚೆಯೇ ಗೊತ್ತಾಗಿ ಆ ಜಾಗ ಕೊಂಡು, ಜಾಸ್ತಿ ಬೆಲೆಗೆ ಮಾರುವುದನ್ನು 'ಪ್ರಾಮಾಣಿಕ ಗಳಿಕೆ' ಅಂತಲೇ ಸಮರ್ಥಿಸಿಕೊಂಡವನು. ಕ್ಲಾಸು ಸ್ವಲ್ಪ ತಣ್ಣಗಾಯಿತು. ಗಾಡಿ ಕಳಿಸಿದ ಮೆಂಬರನ್ನು ಹೊಗಳಿದ್ದ ಹುಡುಗ ಮಾತ್ರ ಬಿಡಲಿಲ್ಲ. 'ಮಿಸ್, ಇದನ್ನ ಬರೆದಿದ್ದು ಅವನಲ್ಲ, ರಿಪೋರ್ಟರು. ಸೇರಿಸಿ ಬರೆದಿದ್ರೆ?' ಪೋಸ್ಟರಿನ ಮೊದಲ ಪ್ರಶ್ನೆಯನ್ನೇ ನನ್ನ ಮೇಲೆ ತಿರುಗಿಸಿದ್ದ. ಖುಷಿಯೂ ಆಯಿತು, ಏನು ಹೇಳಬೇಕು ಅಂತ ತೋಚಲೂ ಇಲ್ಲ.

ನನ್ನ ದೂರು ಇರುವುದು ಇಲ್ಲೇ. ದಾಖಲೆ ಆರಿಸಿರುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಹಾಳೆ ತುಂಬಿಸುವ ತನಕ ಪಾಠಯೋಜನೆ ಕೈ ಹಿಡಿದು ನಡೆಸುತ್ತದೆ. ಆಮೇಲೆ 'ತರಗತಿ ಚರ್ಚೆ' ಅಂತ ಒಂದು ಸಾಲು, ಕೆಳಗೆ ಕೆಲವು ಪ್ರಶ್ನೆ. ಅಲ್ಲಿಗೆ ಬಿಟ್ಟುಬಿಡುತ್ತದೆ. ಐವತ್ತು ಮಕ್ಕಳಲ್ಲಿ ಆರು ಜನ ಮಾತ್ರ ಮಾತಾಡುತ್ತಿದ್ದರೆ ಏನು ಮಾಡಬೇಕು? ಒಬ್ಬ ಹುಡುಗ ಊರಿನ ಪಂಚಾಯ್ತಿ ಮೆಂಬರ ಹೆಸರನ್ನೇ ಎತ್ತಿ ಮಾತಾಡಿದರೆ? ಇಡೀ ಕ್ಲಾಸು ಒಂದೇ ಕಡೆ ವಾಲಿದರೆ ಮೇಷ್ಟ್ರು ಎದುರು ಪಕ್ಷ ವಹಿಸಬೇಕಾ, ಸುಮ್ಮನಿರಬೇಕಾ? ಪ್ರಜಾಪ್ರಭುತ್ವದ ಪಾಠ ಅಂದರೆ ಇದೇ ಭಾಗ. ಉಳಿದದ್ದು ಓದುವ ಅಭ್ಯಾಸ.

ಇದು ನನ್ನೊಬ್ಬಳ ಗೋಳಲ್ಲ. ಅವೀಷಾಗ್ ರೈಸ್‌ಮನ್ ಅನ್ನುವ ಸಂಶೋಧಕಿ ಇದೇ ಪಾಠಗಳನ್ನು ಸ್ಯಾನ್ ಫ್ರಾನ್ಸಿಸ್ಕೊದ ಐದು ಸರ್ಕಾರಿ ಹೈಸ್ಕೂಲ್‌ಗಳಲ್ಲಿ, 236 ಮಕ್ಕಳ ಜೊತೆ ಆರು ತಿಂಗಳು ನಡೆಸಿ ನೋಡಿದರು. 2012ರಲ್ಲಿ ಫಲಿತಾಂಶ ಅಚ್ಚಾಯಿತು. ಮಕ್ಕಳ ಇತಿಹಾಸದ ಯೋಚನೆ, ವಿಷಯದ ನೆನಪು, ಓದಿ ಅರ್ಥ ಮಾಡಿಕೊಳ್ಳುವುದು, ಮೂರೂ ಮೇಲಾಗಿದ್ದವು. ಪರೀಕ್ಷೆಗೆ ಅಡ್ಡಿ ಆಗುತ್ತೆ ಅಂತ ಹೆದರುವ ಹೆಡ್‌ಮಾಸ್ಟರಿಗೆ ತೋರಿಸಲು ಇದು ಒಳ್ಳೆಯದು. ಆದರೆ ಅದೇ ರೈಸ್‌ಮನ್ ಆ ಕ್ಲಾಸುಗಳ ವಿಡಿಯೊ ನೋಡಿದಾಗ, ದಾಖಲೆ ಮುಂದಿಟ್ಟುಕೊಂಡು ಇಡೀ ಕ್ಲಾಸು ನಿಜವಾಗಿ ಚರ್ಚೆ ಮಾಡಿದ್ದು ತೀರಾ ಕಡಿಮೆ ಕಡೆ ಕಂಡಿತು. ತರಬೇತಿ ಪಡೆದ ಅಲ್ಲಿನ ಶಿಕ್ಷಕರ ಸ್ಥಿತಿಯೇ ಇದು. ನಮ್ಮ ಕಡೆ ನಾನು ಹೋಗಿದ್ದ ಒಂದು ತರಬೇತಿಯಲ್ಲಿ 'ಚರ್ಚಾ ವಿಧಾನ' ಅಂತ ಪಿಪಿಟಿ ತೋರಿಸಿ, ಅದರ ಅನುಕೂಲ ಅನಾನುಕೂಲ ಬರೆಸಿಕೊಂಡು, ಸಹಿ ಹಾಕಿಸಿ ಕಳಿಸಿದರು. ಒಂದು ಚರ್ಚೆಯೂ ನಡೆಯಲಿಲ್ಲ!

ಈ ಸಂಸ್ಥೆ ಕ್ಲಾಸಿನ ವಿಡಿಯೊಗಳನ್ನು ಹಾಕಿದೆ. ಕೆಲವು ಚೆನ್ನಾಗಿವೆ. ಆದರೆ ಅಲ್ಲಿನ ಕ್ಲಾಸಿನ ಗಾತ್ರ, ಮಕ್ಕಳು ಕೂರುವ ರೀತಿ ನೋಡಿದರೆ ನಮಗೆ ಹೊಟ್ಟೆ ಉರಿಯುತ್ತದೆ ಅಷ್ಟೇ. ಉಳಿದ ತೊಂದರೆಗಳು ನೀವು ಊಹಿಸುವಂಥವೇ. ಎಲ್ಲ ಇಂಗ್ಲಿಷ್. ಒಂದು ಪಾಠವನ್ನು ಕನ್ನಡಕ್ಕೆ ತಂದು ಟೈಪ್ ಮಾಡಲು ನನಗೆ ಒಂದು ಭಾನುವಾರ ಪೂರ್ತಿ ಬೇಕು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಮುಗಿಯಲ್ಲ, ಎರಡು ಪೀರಿಯಡ್ ಜೋಡಿಸಿಕೊಳ್ಳಬೇಕು. ಜೆರಾಕ್ಸ್ ಖರ್ಚು ಇದೆ. ನಾಲ್ಕು ಮಕ್ಕಳಿಗೆ ಒಂದು ಸೆಟ್ ಸಾಕು, ಒಬ್ಬರು ಗಟ್ಟಿಯಾಗಿ ಓದಲಿ. ಪಾಠಗಳಲ್ಲಿ ಅಮೆರಿಕದ್ದೇ ಜಾಸ್ತಿ. ಪ್ರಪಂಚದ ಇತಿಹಾಸದ ಭಾಗದಲ್ಲಿ 1857ರ ದಂಗೆಗೆ ಕಾರಣ ಏನು ಅನ್ನೋ ಪಾಠ ಸಿಗುತ್ತದೆ. ಅದು ನಮ್ಮ ಸಿಲೆಬಸ್‌ಗೆ ನೇರವಾಗಿ ಹೊಂದುತ್ತದೆ.

ಪರೀಕ್ಷೆಯ ಹಾಳೆಗಳು ಮಾತ್ರ ಚಿಕ್ಕವು, ಚೊಕ್ಕವು. ಒಂದರಲ್ಲಿ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಅನ್ನೋ ಕೃತಜ್ಞತೆಯ ಹಬ್ಬದ, 1621ರ ಮೊದಲ ಸಲದ್ದು ಅನ್ನುವ ಬಣ್ಣದ ಚಿತ್ರ ಇದೆ. ವಲಸಿಗರು ಮೂಲನಿವಾಸಿಗಳಿಗೆ ಊಟ ಬಡಿಸುತ್ತಿದ್ದಾರೆ. ಆ ದಿನ ಏನಾಯಿತು ಅಂತ ತಿಳಿಯಲು ಈ ಚಿತ್ರ ಸಹಾಯ ಮಾಡುತ್ತಾ ಅನ್ನುವುದು ಪ್ರಶ್ನೆ. ಚಿತ್ರ ಬರೆದದ್ದು ಸುಮಾರು ಮುನ್ನೂರು ವರ್ಷ ಆದ ಮೇಲೆ, ವರ್ಷ ಅಲ್ಲೇ ಕೆಳಗೆ ಅಚ್ಚಾಗಿದೆ. ಆದರೂ ಬಟ್ಟೆಬರೆ, ಮುಖಭಾವ ವರ್ಣಿಸುತ್ತಾ ಕೂರುವವರೇ ಜಾಸ್ತಿ. ನಾನು ಇದನ್ನು ಮಾಡಿಸಿದ ಮೇಲೆ ಒಬ್ಬಳು ನಮ್ಮ ಪಠ್ಯಪುಸ್ತಕ ತೆಗೆದು ಕಿತ್ತೂರು ಚೆನ್ನಮ್ಮನ ಚಿತ್ರ ತೋರಿಸಿ, 'ಇದನ್ನ ಯಾರು, ಯಾವಾಗ ಬರೆದರು ಮಿಸ್? ಪುಸ್ತಕದಲ್ಲಿ ಹಾಕೇ ಇಲ್ಲ' ಅಂದಳು. ನಮ್ಮ ಪುಸ್ತಕ ಮಾಡುವವರು ಒಂದು ಸಾಲು ಹಾಕಬಹುದಿತ್ತು.

ಇದೇ ತಂಡದ ಇನ್ನೊಂದು ಸರಕು 'ಸಿವಿಕ್ ಆನ್‌ಲೈನ್ ರೀಸನಿಂಗ್'. ಫೋನಿನಲ್ಲಿ ಬಂದದ್ದನ್ನು ಪರೀಕ್ಷಿಸುವ ಪಾಠಗಳು. 2016ರಲ್ಲಿ ಅವರು ಅಮೆರಿಕದ 12 ರಾಜ್ಯಗಳ ವಿದ್ಯಾರ್ಥಿಗಳಿಂದ 7,804 ಉತ್ತರ ತರಿಸಿ ನೋಡಿದರು, ಸುದ್ದಿ ಯಾವುದು ಜಾಹೀರಾತು ಯಾವುದು ಅಂತ ಬಹಳ ಮಕ್ಕಳಿಗೆ ತಿಳಿಯಲಿಲ್ಲ. ಆಮೇಲೆ 10 ಇತಿಹಾಸಕಾರರು, ಸುದ್ದಿ ನಿಜವಾ ಅಂತ ಪರೀಕ್ಷಿಸುವ 10 ಫ್ಯಾಕ್ಟ್ ಚೆಕ್ಕರ್‌ಗಳು, 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳನ್ನು ಕೂರಿಸಿ, ಕೆಲವು ವೆಬ್‌ಸೈಟ್ ತೋರಿಸಿ ನಂಬಬಹುದಾ ಅಂತ ಕೇಳಿದಾಗ, ಇತಿಹಾಸದ ಪ್ರೊಫೆಸರುಗಳೂ ಚಂದದ ಲೋಗೊ ನೋಡಿ ಮೋಸ ಹೋದರು. ಫ್ಯಾಕ್ಟ್ ಚೆಕ್ಕರ್‌ಗಳು ಆ ಪುಟದಲ್ಲಿ ಕೂರದೇ ತಕ್ಷಣ ಇನ್ನೊಂದು ಟ್ಯಾಬ್ ತೆರೆದು, ಈ ಸಂಸ್ಥೆ ಯಾರದ್ದು ಅಂತ ಹುಡುಕಿದರು. ವಾಟ್ಸ್ಆಪ್ ಫಾರ್ವರ್ಡ್‌ಗೆ ಈ ಒಂದು ಅಭ್ಯಾಸ ಸಾಕು. ಇದನ್ನು ನಾನು ಮಕ್ಕಳಿಗಿಂತ ಸ್ಟಾಫ್ ರೂಮಿನಲ್ಲಿ ಜಾಸ್ತಿ ಬಳಸಿದ್ದೇನೆ.

ಕೊನೆಗೆ ನಾನು ಅವರ ಪಾಠ ಬಿಟ್ಟು ಅವರ ಅಚ್ಚು ಮಾತ್ರ ಇಟ್ಟುಕೊಂಡೆ. ನಮ್ಮ ತಾಲೂಕಿನಲ್ಲೇ ವಿದುರಾಶ್ವತ್ಥ ಇದೆ. 1938ರ ಏಪ್ರಿಲ್ 25ರಂದು ಬಾವುಟ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿದ ಜಾಗ. ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಬಂದಿತ್ತು, ದಿವಾನ್ ರಂಗಾಚಾರ್ಲು ಕಾಲದಲ್ಲಿ. ಆದರೆ ಅಹವಾಲು ಹೇಳಬಹುದಿತ್ತು ಅಷ್ಟೇ, ಆಳುವವರು ಜನರಿಗೆ ಉತ್ತರ ಕೊಡಬೇಕಿರಲಿಲ್ಲ. ಜವಾಬ್ದಾರಿ ಸರ್ಕಾರ ಬೇಕು ಅನ್ನುವ ಚಳವಳಿಯ ನಡುವೆ ಇದು ನಡೆದದ್ದು. ಸತ್ತವರು ಎಷ್ಟು ಅಂದರೆ 10ರಿಂದ 35ರವರೆಗೆ ಬೇರೆ ಬೇರೆ ಕಡೆ ಬೇರೆ ಬೇರೆ ಸಂಖ್ಯೆ. ಗುಂಡು ಅನಿವಾರ್ಯವಾಗಿತ್ತು ಅನ್ನುವುದು ಸರ್ಕಾರದ ಕಡೆಯ ಮಾತು, ಜನ ಶಾಂತವಾಗಿದ್ದರು ಅನ್ನುವುದು ಕಾಂಗ್ರೆಸ್ ಕಡೆಯ ಮಾತು. ಎರಡರ ಸಾರವನ್ನೂ ಅರ್ಧರ್ಧ ಪುಟಕ್ಕೆ ಇಳಿಸಿದೆ. ಅಲ್ಲಿನ ಸ್ಮಾರಕ ವೀರಸೌಧದಲ್ಲಿ ಬರೆದಿರುವುದನ್ನು ಮಕ್ಕಳೇ ಹೋಗಿ ನಕಲು ಮಾಡಿಕೊಂಡು ಬಂದರು. ಮನೆಯಲ್ಲಿ ಹಿರಿಯರನ್ನು ಕೇಳಿ ಒಂದು ಪ್ಯಾರಾ ಬರೆದು ತರಲು ಹೇಳಿದೆ. ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಬರೆದವರೇ ಜಾಸ್ತಿ.

ಪ್ಲಂಕಿಟ್ ಪಾಠದ ಅನುಭವದಿಂದ ಚರ್ಚೆಗೆ ಈ ಸಲ ನನ್ನದೇ ಕಟ್ಟಳೆ ಹಾಕಿದೆ. ಮಾತಾಡುವವರು ಮೊದಲು ಹಿಂದೆ ಮಾತಾಡಿದವರ ಮಾತನ್ನು ಒಂದು ಸಾಲಿನಲ್ಲಿ ಹೇಳಬೇಕು, ಆಮೇಲೆ ದಾಖಲೆಯ ಒಂದು ಸಾಲಿಗೆ ಬೆರಳಿಟ್ಟು ತಮ್ಮ ಮಾತು. ಹೊಸ ದಾಖಲೆ ಓದಿದ ಮೇಲೆ ಪಕ್ಷ ಬದಲಿಸಿದವರು ಎದ್ದು ಆ ಕಡೆಯ ಬೆಂಚಿಗೆ ಹೋಗಬೇಕು. ಮೆಂಬರನ್ನು ಹೊಗಳಿದ್ದ ಆ ಹುಡುಗ ನಡುವೆ ಒಂದು ಸಲ ಎದ್ದು ಹೋದ, ಮತ್ತೆ ವಾಪಸ್ ಬಂದ. ಯಾಕೆ ಅಂತ ಕೇಳಿದ್ದಕ್ಕೆ, ಗುಂಡು ಹೊಡೆದವರು ಬರೆದದ್ದರಲ್ಲಿ ಸತ್ತವರ ಹೆಸರು ಒಂದೂ ಇಲ್ಲ ಅಂದ.

ಬಳಸುವ ಮನಸ್ಸಿದ್ದವರಿಗೆ ನನ್ನ ಸಲಹೆ: ಮೊದಲು ಬಿಸಿಯೂಟದ ಜಗಳ, ಆಮೇಲೆ ಮಾಂಟ್ಗೊಮರಿ. ಪೊಲಿಟಿಕಲ್ ಬಾಸಸ್ ಅನ್ನು ಪಂಚಾಯ್ತಿ ಚುನಾವಣೆ ಇರುವ ತಿಂಗಳಲ್ಲಿ ಎತ್ತಿಕೊಳ್ಳಬೇಡಿ, ಮನೆಯಿಂದ ಫೋನ್ ಬರುತ್ತದೆ. ಪಾಠಯೋಜನೆಯಲ್ಲಿ ಕೊಟ್ಟಿರುವ ನಿಮಿಷದ ಲೆಕ್ಕವನ್ನು ಹೊಡೆದುಹಾಕಿ. ನನ್ನ ಕನ್ನಡ ಸೆಟ್‌ಗಳು ಬೇಕಾದವರು ಕ್ಲಸ್ಟರ್ ಸಭೆಯಲ್ಲಿ ಸಿಕ್ಕಾಗ ಪೆನ್‌ಡ್ರೈವ್ ತನ್ನಿ, ಕೊಡುತ್ತೇನೆ. ವಿದುರಾಶ್ವತ್ಥದ ಸೆಟ್ ಮಾತ್ರ ಇನ್ನೂ ಕೈಬರಹದಲ್ಲಿದೆ.